ನಮ್ಮ ಕಡೆಯಾಕಿ

ನಮ್ಮ ಮನೆಯಲ್ಲಿ ರೇಡಿಯೋ ಇದ್ದದ್ದು ಪಡಸಾಲೆಯಲ್ಲಿ, ಅಜ್ಜನ ಆರಾಮಕುರ್ಚಿಯ ಬಲಕ್ಕೆ. ಅದರ ಮೇಲೆ ಅಜ್ಜಿ ಹಾಕಿದ ಕಸೂತಿಯ ಹೊದಿಕೆ. ಹೊದಿಕೆ ಅಜ್ಜಿಯದಾದರೂ ರೇಡಿಯೋದ ಕಿವಿ ಹಿಂಡುವ ಅಧಿಕಾರ ಅಜ್ಜನೊಬ್ಬನದೇ. ಮುಂಜಾನೆ ಎದ್ದೊಡನೆ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದ. ಏಳೂವರೆಗೆ ಸರಿಯಾಗಿ ಜಳಕಕ್ಕೆ ಏಳುತ್ತಿದ್ದ, ಆಮೇಲೆ ಪೂಜೆ. ಪೂಜೆಯ ಗಂಟೆ ಬಾರಿಸುವ ಹೊತ್ತಿಗೆ ಎಂಟಾಗಿರುತ್ತಿತ್ತು. ಈ ಅರ್ಧ ತಾಸು ಅಜ್ಜಿಯದು.

ಅಜ್ಜ ಬಚ್ಚಲಮನೆಯ ಬಾಗಿಲು ಹಾಕಿದ ಸಪ್ಪಳ ಕೇಳಿದ್ದೇ ತಡ, ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಳ್ಳನ್ನು ಸಿಲೋನಿಗೆ ತಿರುಗಿಸುತ್ತಿದ್ದಳು. ಆ ಹೊತ್ತಿಗೆ ರೇಡಿಯೋ ಸಿಲೋನಿನಲ್ಲಿ ಹಳೆಯ ಹಿಂದಿ ಚಿತ್ರಗಳ ಹಾಡು ಬರುತ್ತಿದ್ದವು. ಕೊನೆಯದು ಯಾವಾಗಲೂ ಸೈಗಲ್ಲರ ಹಾಡು. ಅದನ್ನು ಕೇಳುತ್ತಾ ಬೆಳೆದವರಿಗೆ ಈ ಲೆಕ್ಕ ನೆನಪಿರುತ್ತದೆ. ನಮ್ಮ ಮನೆಯಲ್ಲಿ ಸೈಗಲ್ ಎಂದರೆ ಅಪಾಯದ ಸೂಚನೆ. ಆತ ಬಾಯಿ ತೆರೆದನೆಂದರೆ ಅಜ್ಜಿ ಮುಳ್ಳನ್ನು ಧಾರವಾಡಕ್ಕೆ ತಿರುಗಿಸಿ, ಹೊದಿಕೆ ನೆಟ್ಟಗೆ ಮಾಡಿ, ಏನೂ ಆಗಿಲ್ಲವೆನ್ನುವಂತೆ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಸೈಗಲ್ಲರ ಪೂರ್ತಿ ಹಾಡೊಂದನ್ನು ನಾನು ಮೊದಲು ಕೇಳಿದ್ದು ಬಿ.ಎಡ್. ಓದುವಾಗ, ಹಾಸ್ಟೆಲಿನಲ್ಲಿ!

ಒಂದು ದಿನ ನಿರೂಪಕ ಹಾಡಿದವರ ಹೆಸರು ಹೇಳಿದ: ಅಮೀರಬಾಯಿ ಕರ್ನಾಟಕಿ. ನಾನು ಆಗ ಮೂರನೆಯತ್ತೆಯೋ ನಾಲ್ಕನೆಯತ್ತೆಯೋ. ನಮ್ಮ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಗಿ ನಾಲ್ಕೈದು ವರ್ಷವಾಗಿತ್ತಷ್ಟೆ. ಸಾಲೆಯಲ್ಲಿ ಅದನ್ನೇ ಬಾಯಿಪಾಠ ಮಾಡಿಸುತ್ತಿದ್ದರು. ಹಿಂದಿ ಹಾಡಿನಲ್ಲಿ ನಮ್ಮ ರಾಜ್ಯ ಹೇಗೆ ಬಂತು ಎಂದು ನನಗೆ ಸೋಜಿಗ.

"ಅಜ್ಜಿ, ಕರ್ನಾಟಕಿ ಅಂದ್ರ ಏನ?"

"ಆಕಿ ನಮ್ಮ ಕಡೆಯಾಕಿ. ಬೀಳಗಿಯಾಕಿ," ಅಂದಳು ಅಜ್ಜಿ. ತುಸು ತಡೆದು, "ನಿಮ್ಮಜ್ಜಗ ಹೇಳಬ್ಯಾಡ" ಅಂದಳು.

ಏನನ್ನು ಹೇಳಬಾರದು? ರೇಡಿಯೋ ತಿರುಗಿಸಿದ್ದನ್ನೋ, ಅಮೀರಬಾಯಿ ನಮ್ಮ ಕಡೆಯವಳೆಂಬುದನ್ನೋ? ಆಗ ಕೇಳಲಿಲ್ಲ. ಆಮೇಲೆ ಬಹಳ ವರ್ಷ ಅದೇ ಪ್ರಶ್ನೆ ತಲೆಯಲ್ಲಿ ಉಳಿಯಿತು.

ಅಜ್ಜಿಗೆ ಈ ಹುಚ್ಚು ಹಿಡಿದದ್ದು 'ಕಿಸ್ಮತ್' ಚಿತ್ರದಿಂದ. ಅದು ಹುಬ್ಬಳ್ಳಿಗೆ ಬಂದಾಗ ಆಕೆಗೆ ಮದುವೆಯಾಗಿ ಎರಡು ವರ್ಷ. ಸೊಸೆ ಸಿನೇಮಾಕ್ಕೆ ಹೋಗುವುದು ಆ ಮನೆಯಲ್ಲಿ ಊಹಿಸಲಾಗದ ಮಾತು. ಸೋದರತ್ತೆಯೊಬ್ಬಳನ್ನು ಜೊತೆ ಮಾಡಿಕೊಂಡು, ಸಿದ್ಧಾರೂಢರ ಮಠಕ್ಕೆ ಹೋಗಿ ಬರುತ್ತೇವೆಂದು ಹೇಳಿ ಇಬ್ಬರೂ ಧಾರವಾಡದಿಂದ ರೈಲು ಹತ್ತಿದರಂತೆ. ಮಠಕ್ಕೂ ಹೋದರಂತೆ, ಸುಳ್ಳು ಹೇಳಿದ ಪಾಪ ಬರಬಾರದಲ್ಲ. ಅಲ್ಲಿಂದ ನೇರ ಟಾಕೀಜಿಗೆ. ಹೆಂಗಸರು ಕೂಡುವ ಜಾಗದಲ್ಲಿ ಸೆರಗು ಮುಸುಕು ಹಾಕಿಕೊಂಡು ಕೂತು ನೋಡಿದ ಚಿತ್ರದಲ್ಲಿ ಅಜ್ಜಿಗೆ ಉಳಿದದ್ದು ಅಶೋಕ ಕುಮಾರನಲ್ಲ, ಕುಂಟುವ ಆ ನಾಯಿಕೆಯೂ ಅಲ್ಲ. ನಾಯಿಕೆಯ ಬಾಯಿಂದ ಬಂದ ದನಿ. "ಆ ಹುಡುಗಿ ಬಾಯಿ ಆಡಸ್ತಿತ್ತು, ಹಾಡೂದು ಬ್ಯಾರೆಯಾಕಿ ಅಂತ ಬಾಜೂದಾಕಿ ಹೇಳಿದ್ಲು. ಆ ಬ್ಯಾರೆಯಾಕಿ ನಮ್ಮಾಕಿ ಅಂತ ಗೊತ್ತಾತು ನೋಡು, ಮೈಯೆಲ್ಲಾ ಝುಂ ಅಂತು." ಇದನ್ನು ಅಜ್ಜಿ ನನಗೆ ಹೇಳಿದ್ದು ಅಜ್ಜ ತೀರಿಕೊಂಡ ಮೇಲೆ.

ಅಮೀರಬಾಯಿ ಹುಟ್ಟಿದ್ದು ಹಿಂದಿನ ಶತಮಾನದ ಆರಂಭದಲ್ಲಿ, ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. 1997ರಲ್ಲಿ ಜಿಲ್ಲೆ ಒಡೆದ ಮೇಲೆ ಬೀಳಗಿ ಬಾಗಲಕೋಟೆಗೆ ಸೇರಿತು. ಮನೆಮಾತು ಕನ್ನಡವಾಗಿದ್ದ ಮುಸ್ಲಿಂ ಕುಟುಂಬ, ಐವರು ಅಕ್ಕತಂಗಿಯರು. ಅವರಲ್ಲಿ ಹೆಸರು ಮಾಡಿದವರು ಇಬ್ಬರು, ಅಕ್ಕ ಗೋಹರಬಾಯಿ ಮತ್ತು ಅಮೀರಬಾಯಿ. ಹದಿನೈದರ ಹೊತ್ತಿಗೇ ಅಮೀರಬಾಯಿ ಮುಂಬಯಿ ಸೇರಿದಳು. 1934ರಲ್ಲಿ 'ವಿಷ್ಣುಭಕ್ತಿ' ಎಂಬ ಚಿತ್ರದಲ್ಲಿ ಪಾತ್ರ ಸಿಕ್ಕಿತು, ಅಕ್ಕನ ಪರಿಚಯದಿಂದ.

1934 ಎಂದರೆ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತೆರೆ ಕಂಡ ವರ್ಷ. ಅದರ ಚಿತ್ರೀಕರಣವೂ ನಮ್ಮ ನಾಡಿನಲ್ಲಿ ಆಗಲಿಲ್ಲ, ಕೊಲ್ಹಾಪುರದಲ್ಲಿ ಆಯಿತು. ಕನ್ನಡಕ್ಕೆ ಆಗ ಸ್ಟುಡಿಯೋ ಎಲ್ಲಿತ್ತು? ಹಾಡುವ, ಕುಣಿಯುವ ನಮ್ಮ ಕಡೆಯ ಹುಡುಗಿಗೆ ಹೊಟ್ಟೆಪಾಡಿನ ದಾರಿ ಇದ್ದದ್ದು ಎರಡೇ. ಒಂದು ನಾಟಕದ ಕಂಪನಿ, ಇನ್ನೊಂದು ಮುಂಬಯಿ. ಬೀಳಗಿ, ಧಾರವಾಡ ಎರಡೂ ಮುಂಬಯಿ ಪ್ರಾಂತದೊಳಗೇ ಇದ್ದವಾದ್ದರಿಂದ ಬೆಂಗಳೂರಿಗಿಂತ ಮುಂಬಯಿಯೇ ನಮಗೆ ಸಮೀಪ. ಕೋರ್ಟು, ಕಾಲೇಜು, ವ್ಯಾಪಾರ ಎಲ್ಲಕ್ಕೂ ಜನ ಆ ಕಡೆಗೇ ಮುಖ ಮಾಡುತ್ತಿದ್ದರು.

ಇನ್ನು ಆ ಅಡ್ಡಹೆಸರು. ಮುಂಬಯಿಯಲ್ಲಿ ಹಾಡುವ ಹೆಂಗಸರನ್ನು ಊರಿನಿಂದ ಗುರುತಿಸುವ ರೂಢಿಯಿತ್ತು. ಅಂಬಾಲಾದಿಂದ ಬಂದಾಕೆ ಜೊಹರಾಬಾಯಿ ಅಂಬಾಲೇವಾಲಿ. ಹಾಗೆ ನೋಡಿದರೆ ಇವರು ಗೋಹರಬಾಯಿ ಬೀಳಗಿ, ಅಮೀರಬಾಯಿ ಬೀಳಗಿ ಎನಿಸಿಕೊಳ್ಳಬಹುದಿತ್ತು. ಅಕ್ಕತಂಗಿಯರಿಬ್ಬರೂ 'ಕರ್ನಾಟಕಿ' ಆದರು. ಗಮನಿಸಿ, ಆಗ ಭೂಪಟದಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲೇ ಹುಟ್ಟಿತ್ತು, ನಮ್ಮ ಹಿರಿಯರು ಏಕೀಕರಣಕ್ಕಾಗಿ ಭಾಷಣ ಮಾಡುತ್ತಿದ್ದರು, ಠರಾವು ಮಾಡುತ್ತಿದ್ದರು. ಏಕೀಕರಣವಾದದ್ದು 1956ರಲ್ಲಿ, ಹೆಸರು ಬಂದದ್ದು 1973ರಲ್ಲಿ. ಇಬ್ಬರು ಹೆಣ್ಣುಮಕ್ಕಳು ಅದಕ್ಕೂ ಎಷ್ಟೋ ವರ್ಷ ಮೊದಲು ಆ ಹೆಸರನ್ನು ಮೈಮೇಲೆ ಹೊತ್ತು ಪರಸ್ಥಳದ ಪೇಟೆಯಲ್ಲಿ ಅನ್ನ ಗಳಿಸುತ್ತಿದ್ದರು. ಏಕೀಕರಣದ ಇತಿಹಾಸವನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಈ ಇಬ್ಬರ ಹೆಸರನ್ನು ಆ ಪಾಠದಲ್ಲಿ ನಾನೂ ಎಂದೂ ಎತ್ತಲಿಲ್ಲ.

ಗೋಹರಬಾಯಿಯ ಕಥೆ ಬೇರೆಯೇ ಒಂದು ಪುಸ್ತಕಕ್ಕಾಗುವಷ್ಟಿದೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಹೆಣ್ಣುಪಾತ್ರ ಮಾಡಿ ದೇವರಂತೆ ಪೂಜೆಗೊಂಡ ಗಂಡಸು. ಅವರು ಉಟ್ಟ ಸೀರೆಯ ರೀತಿಯನ್ನು ಮನೆತನದ ಹೆಂಗಸರು ಅನುಕರಿಸುತ್ತಿದ್ದರು. ಅವರ ಕಂಪನಿಗೆ ಗೋಹರಬಾಯಿ ಸೇರಿ, ಅವರು ಮಾಡುತ್ತಿದ್ದ ಹೆಣ್ಣುಪಾತ್ರಗಳನ್ನು ತಾನು ಮಾಡತೊಡಗಿದಳು. ಹೆಣ್ಣಿನ ಪಾತ್ರವನ್ನು ಹೆಣ್ಣು ಮಾಡಿದ್ದೇ ತಪ್ಪಾಯಿತು! ಕಂಪನಿ ಮುಳುಗಿದ್ದಕ್ಕೂ, ಗಂಧರ್ವರು ಬಡವರಾದದ್ದಕ್ಕೂ ಜನ ಆಕೆಯನ್ನೇ ಅಂದರು. 1951ರಲ್ಲಿ ಬಾಲಗಂಧರ್ವರು ಆಕೆಯನ್ನು ಮದುವೆಯಾದರು. 1964ರಲ್ಲಿ ತೀರಿಕೊಳ್ಳುವವರೆಗೆ ಗೋಹರಬಾಯಿ ಅವರ ಜೊತೆಗೇ ಇದ್ದಳು, ಅವರ ಕಾಲು ನಿಂತುಹೋದ ದಿನಗಳಲ್ಲೂ. ಮುಳುಗುವ ಹಡಗಿನಲ್ಲಿ ಲಾಭಕ್ಕಾಗಿ ಯಾರು ಕೂಡುತ್ತಾರೆ ಎಂದು ಅನ್ನುವವರನ್ನು ಕೇಳಬೇಕೆನಿಸುತ್ತದೆ.

ತಂಗಿಯ ಕಡೆ ಬರೋಣ. ಮೊದಲ ಒಂಬತ್ತು ವರ್ಷ ಅಮೀರಬಾಯಿಗೆ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ. ಸಣ್ಣ ಪುಟ್ಟ ಪಾತ್ರ, ನಡುವೆ ಹಾಡು. 1940ರ 'ನರಸೀ ಭಗತ್' ಚಿತ್ರದಲ್ಲಿ ನಟಿಸಿದಳು. ಗಾಂಧೀಜಿಗೆ ಪ್ರಿಯವಾದ ನರಸಿ ಮೆಹತಾನ ಭಜನೆಯನ್ನೂ ಹಾಡಿದಳು. ಆಗ ನಟಿ ಎಂದರೆ ಹಾಡಲೇಬೇಕು. ಮೊದಮೊದಲಿಗೆ ನಟಿ ಕ್ಯಾಮರಾದ ಮುಂದೆಯೇ ಹಾಡಬೇಕಿತ್ತು, ವಾದ್ಯದವರು ಗಿಡದ ಮರೆಯಲ್ಲೋ ಪರದೆಯ ಹಿಂದೆಯೋ ಅಡಗಿ ನುಡಿಸುತ್ತಿದ್ದರು. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್‌ನವರು ಹಾಡನ್ನು ಮೊದಲೇ ಧ್ವನಿಮುದ್ರಿಸಿ ಆಮೇಲೆ ತುಟಿ ಆಡಿಸುವ ಪದ್ಧತಿ ತಂದರು. ಆ ಮೇಲೆ ಮುಖ ಒಬ್ಬರದು, ದನಿ ಒಬ್ಬರದು ಆಗುವುದು ಸಾಧ್ಯವಾಯಿತು. ಅಮೀರಬಾಯಿಯ ಹಣೆಬರಹ ತಿರುಗಿದ್ದು ಇದರಿಂದ. ಚಿತ್ರರಂಗ ಬೇಡುವ ಮುಖ ಆಕೆಯದಾಗಿರಲಿಲ್ಲವೋ ಏನೋ. ದನಿಯ ಬಗ್ಗೆ ಮಾತ್ರ ಯಾರೂ ತಕರಾರು ತೆಗೆಯುವಂತಿರಲಿಲ್ಲ. ತುಂಬು ಕಂಠ, ತುಸು ಮೂಗಿನಿಂದ ಹಾಯ್ದು ಬರುವ ದನಿ, ಮೈಕಿಲ್ಲದ ಕಂಪನಿ ನಾಟಕದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕಾದ ಜಾತಿಯದು. ಅಂಥ ದನಿಯನ್ನು ಸಣ್ಣದಾಗಿ ಮಾಡಿ, ಕೂಸಿಗೆ ತಟ್ಟುವ ಹಾಗೆ ಆಕೆ ಹಾಡಿದ ಮೋಡದ ಹಾಡೊಂದು 'ಕಿಸ್ಮತ್'ನಲ್ಲಿದೆ. ಅಜ್ಜಿ ಗುಣುಗುತ್ತಿದ್ದದ್ದು ಅದನ್ನೇ.

'ಕಿಸ್ಮತ್' ಬಾಂಬೆ ಟಾಕೀಸಿನ ಚಿತ್ರ. ಈ ಕಂಪನಿಯ ಬಗ್ಗೆ ಎರಡು ಮಾತು ಹೇಳಲೇಬೇಕು. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾರಾಣಿ ಇದನ್ನು ಮುಂಬಯಿಯ ಮಲಾಡಿನಲ್ಲಿ ಕಟ್ಟಿದಾಗ ನಿರ್ದೇಶಕ, ಛಾಯಾಗ್ರಾಹಕರೆಲ್ಲ ಜರ್ಮನಿಯಿಂದ ಬಂದವರು. ನಿರ್ದೇಶಕ ಫ್ರಾಂಜ್ ಆಸ್ಟೆನ್ ಮ್ಯೂನಿಕ್ ಕಡೆಯವನು. ಹಿಂದಿ ಬಾರದೆಯೇ ಸಾಲುಸಾಲಾಗಿ ಹಿಂದಿ ಚಿತ್ರ ಮಾಡಿದ. ಕ್ಯಾಮರಾ ಹಿಡಿದವನು ಜೋಸೆಫ್ ವಿರ್ಷಿಂಗ್. 1939ರಲ್ಲಿ ಮಹಾಯುದ್ಧ ಶುರುವಾದ ಕೂಡಲೇ ಬ್ರಿಟಿಷ್ ಸರಕಾರ ಶತ್ರುದೇಶದವರೆಂದು ಇವರನ್ನು ಹಿಡಿದು ಸ್ಥಾನಬದ್ಧ ಮಾಡಿತು. ಮರುವರ್ಷ ಹಿಮಾಂಶು ರಾಯ್ ತೀರಿಕೊಂಡರು. ಅವರಿಂದ ಕೆಲಸ ಕಲಿತ ನಮ್ಮವರೇ ಆಮೇಲೆ ಕಂಪನಿ ನಡೆಸಿದರು. 1943ರಲ್ಲಿ ತೆರೆಗೆ ಬಂದ 'ಕಿಸ್ಮತ್' ಹೀಗೆ ನಡೆದ ಕಂಪನಿಯ ಚಿತ್ರ. ನಿರ್ದೇಶನ ಜ್ಞಾನ್ ಮುಖರ್ಜಿ, ಸಂಗೀತ ಅನಿಲ್ ಬಿಸ್ವಾಸ್. ಕಲಕತ್ತೆಯ ಒಂದೇ ಟಾಕೀಜಿನಲ್ಲಿ ಅದು ಮೂರು ವರ್ಷಕ್ಕೂ ಮಿಗಿಲು ಓಡಿತು.

ಅದರಲ್ಲಿ ಪ್ರದೀಪರು ಬರೆದ ಒಂದು ದೇಶಭಕ್ತಿಯ ಹಾಡಿದೆ. ಅಮೀರಬಾಯಿ, ಖಾನ್ ಮಸ್ತಾನಾ ಮತ್ತು ಮೇಳದವರು ಹಾಡಿದ್ದು. ಹಿಂದುಸ್ತಾನ ನಮ್ಮದು, ಪರಕೀಯರೇ ದೂರ ಸರಿಯಿರಿ ಎಂಬ ಅರ್ಥದ ಆ ಹಾಡು ಜರ್ಮನರನ್ನೂ ಜಪಾನಿಯರನ್ನೂ ಎಚ್ಚರಿಸುವಂತೆ ತೋರಿಕೆಗೆ ಬರೆದದ್ದು. ಯುದ್ಧದ ಕಾಲವಾದ್ದರಿಂದ ಸೆನ್ಸಾರಿನವರು ಖುಷಿಯಿಂದಲೇ ಬಿಟ್ಟಿರಬೇಕು. ಆದರೆ ಟಾಕೀಜಿನಲ್ಲಿ ಕೂತವರಿಗೆ ಪರಕೀಯ ಯಾರೆಂದು ಹೇಳಿಕೊಡಬೇಕಾಗಿರಲಿಲ್ಲ. ಚಲೇಜಾವ್ ಚಳವಳಿ ಕಾವೇರಿದ್ದ ದಿನಗಳವು. ಆಗಿನ ನಮ್ಮ ಧಾರವಾಡ ಜಿಲ್ಲೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವರು ಪೊಲೀಸರ ಗುಂಡಿಗೆ ಬಿದ್ದದ್ದು ಅದೇ 1943ರ ಏಪ್ರಿಲ್ 1ರಂದು. ಸರಕಾರಕ್ಕೆ ಹಾಡಿನ ಒಳಗುಟ್ಟು ಗೊತ್ತಾಗಿ ಪ್ರದೀಪರು ತಲೆಮರೆಸಿಕೊಳ್ಳಬೇಕಾಯಿತು. ಜರ್ಮನರು ಕಟ್ಟಿ ನಿಲ್ಲಿಸಿದ ಕಂಪನಿಯಲ್ಲಿ, ಜರ್ಮನರನ್ನು ಬಯ್ಯುವ ನೆವದಲ್ಲಿ, ಇಂಗ್ಲಿಷರನ್ನು ಬಯ್ದ ಹಾಡು. ಆ ಬೈಗುಳದ ದನಿ ಬೀಳಗಿಯದು!

ಅಜ್ಜಿಗೆ ಜರ್ಮನಿ ಗೊತ್ತಿರಲಿಲ್ಲ. "ಆ ಹಾಡು ಬಂದಾಗ ಗಂಡಸೂರು ಎದ್ದ ನಿಂತ್ರು. ಮತ್ತ ಹಾಕು, ಮತ್ತ ಹಾಕು ಅಂತ ಒದರಿದ್ರು. ನಾ ಅತ್ತೆ" ಎನ್ನುತ್ತಿದ್ದಳು. ಯಾಕೆ ಅತ್ತೆ ಎಂದರೆ ಗೊತ್ತಿಲ್ಲ ಎನ್ನುತ್ತಿದ್ದಳು.

ಆಮೇಲಿನ ನಾಲ್ಕು ವರ್ಷ ಅಮೀರಬಾಯಿಯ ಕಾಲ. 'ರಾಮರಾಜ್ಯ', ನೌಶಾದರ 'ರತನ್', ಸಿ. ರಾಮಚಂದ್ರರ 'ಶಹನಾಯಿ'. ಗುಜರಾತಿಯಲ್ಲಿ ಹಾಡಿದ್ದನ್ನು ಗುಜರಾತಿಗಳು ತಮ್ಮವಳೆಂದೇ ತಿಳಿದು ಕೇಳಿದರು. ಬೇರೆ ಗಾಯಕಿಯರಿಗೆ ಒಂದು ಹಾಡಿಗೆ ಐದುನೂರು ಸಿಗುವಾಗ ಈಕೆಗೆ ಸಾವಿರ ಕೊಡುತ್ತಾರೆಂದು 1945ರಲ್ಲಿ 'ಫಿಲ್ಮ್‌ಇಂಡಿಯಾ' ಪತ್ರಿಕೆ ಬರೆದಿತ್ತು. ನಮ್ಮಜ್ಜನ ತಿಂಗಳ ಪಗಾರ ಆಗ ಐವತ್ತರ ಒಳಗಿತ್ತು. 1948ರಲ್ಲಿ 'ಶಹನಾಜ್' ಎಂಬ ಚಿತ್ರಕ್ಕೆ ಅಮೀರಬಾಯಿ ಸಂಗೀತವನ್ನೂ ಕೊಟ್ಟಳು. ಹೆಂಗಸು ಸಂಗೀತ ನಿರ್ದೇಶನ ಮಾಡುವುದು ಈಗಲೂ ಬೆರಳೆಣಿಕೆಯ ಮಾತು.

ಹಣ ಗಳಿಸುವ ಹೆಂಗಸಿನ ಮನೆಯ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಆಕೆ ಮದುವೆಯಾದದ್ದು ಖಳನ ಪಾತ್ರ ಮಾಡುತ್ತಿದ್ದ ಹಿಮಾಲಯವಾಲಾ ಎಂಬ ನಟನನ್ನು. ಆ ಮದುವೆಯಲ್ಲಿ ಹೊಡೆತ ತಿಂದದ್ದನ್ನೂ, ಗಳಿಸಿದ್ದು ಕೈಯಲ್ಲಿ ಉಳಿಯದ್ದನ್ನೂ ಆಕೆಯ ಬದುಕಿನ ಬಗ್ಗೆ ಬರೆದವರು ದಾಖಲಿಸಿದ್ದಾರೆ. ದೇಶ ಒಡೆದ ಮೇಲೆ ಆತ ಪಾಕಿಸ್ತಾನಕ್ಕೆ ಹೋದ, ಅಮೀರಬಾಯಿ ಇಲ್ಲಿ ಉಳಿದಳು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದಳು. ಸಾವಿರ ರೂಪಾಯಿಯ ಕಂಠದವಳು ಮನೆಗೆ ಬಂದು ಪೆಟ್ಟು ತಿನ್ನುವುದು ಹೇಗೆ ಎಂದು ನಾನು ಕೇಳುವುದಿಲ್ಲ. ನಮ್ಮ ಸ್ಟಾಫ್‌ರೂಮಿನಲ್ಲಿ, ಒಂದನೆಯ ತಾರೀಖು ಪಗಾರದ ಸಹಿ ಮಾಡಿ ಸಂಜೆ ಬಸ್ಸಿನ ಖರ್ಚಿಗೆ ಗಂಡನ ಮುಂದೆ ಕೈಯೊಡ್ಡುತ್ತಿದ್ದವರನ್ನು ನಾನು ನೋಡಿದ್ದೇನೆ. ತೋಳಿನ ಬರೆ ಮುಚ್ಚಲು ಬೇಸಗೆಯಲ್ಲೂ ಉದ್ದ ತೋಳಿನ ರವಿಕೆ ಹಾಕುತ್ತಿದ್ದ ಒಬ್ಬರನ್ನೂ ನೋಡಿದ್ದೇನೆ. ನಾವು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ರವಿಕೆಯ ಹೊಲಿಗೆ ಚೆಂದ ಇದೆ ಅನ್ನುತ್ತಿದ್ದೆವು.

1949ರ ಹೊತ್ತಿಗೆ ಲತಾ ಮಂಗೇಶ್ಕರರ ದನಿ ಬಂತು. ತೆಳ್ಳಗೆ, ಎಳೆಯದಾಗಿ, ಮೈಕಿಗೆ ಹೇಳಿ ಮಾಡಿಸಿದ ದನಿ. ಒಂದೆರಡು ವರ್ಷದಲ್ಲಿ ತುಂಬು ಕಂಠದವರೆಲ್ಲ ಬದಿಗೆ ಸರಿದರು. ಅಮೀರಬಾಯಿ ತಿರುಗಿ ನಟನೆಗೇ ಬಂದಳು, ಸಣ್ಣ ಪೋಷಕ ಪಾತ್ರಗಳಿಗೆ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ ಹಾಗೆ. ತೀರಿಕೊಂಡದ್ದು 1965ರ ಮಾರ್ಚ್ 3ರಂದು. 'ಸತಿ ಸುಲೋಚನಾ' ಬಿಡುಗಡೆಯಾದದ್ದೂ ಮಾರ್ಚ್ 3ಕ್ಕೇ. ಕನ್ನಡ ಚಿತ್ರರಂಗದ ಹುಟ್ಟುಹಬ್ಬ ಎಂದು ಪ್ರತಿವರ್ಷ ಆ ದಿನ ಪೇಪರಿನಲ್ಲಿ ಫೋಟೋ ಬರುತ್ತವೆ.

ಇಲ್ಲಿಯವರೆಗೆ ಬರೆದದ್ದನ್ನು ತಿರುವಿ ನೋಡಿದರೆ ಎಲ್ಲ ಕಡೆಗೂ ನಾನು 'ಹಾಡಿದಳು', 'ನಟಿಸಿದಳು', 'ತೀರಿಕೊಂಡಳು' ಎಂಬ ಜಾಡಿನಲ್ಲೇ ಬರೆದಿದ್ದೇನೆ. ಹಿಮಾಂಶು ರಾಯ್ 'ತೀರಿಕೊಂಡರು', ಪ್ರದೀಪರು 'ಬರೆದರು'. ಬಾಲಗಂಧರ್ವರಿಗೆ ಬಹುವಚನ, ಅವರ ಹೆಂಡತಿಗೆ ಏಕವಚನ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹಾಗೆ ಬರೆಯಿತು. ಅಜ್ಜಿಯ 'ಆಕಿ'ಯಲ್ಲಿ ಪ್ರೀತಿ ಇತ್ತು. ನನ್ನ ಬರವಣಿಗೆಯ 'ಳು'ವಿನಲ್ಲಿ ಅದಷ್ಟೇ ಇದೆಯೆಂದು ಹೇಳಲಾರೆ. ತಿದ್ದಬೇಕೆಂದುಕೊಂಡೆ. ತಿದ್ದದೆ ಹಾಗೇ ಬಿಟ್ಟಿದ್ದೇನೆ, ನೀವೂ ಓದುತ್ತಾ ಬಂದಿರಿ, ನಿಮಗೂ ಎಡವಲಿಲ್ಲ ಅಲ್ಲವೇ?

ಇದು ಎಲ್ಲಿಂದ ಬರುತ್ತದೆಂದು ಧಾರವಾಡದವರಿಗೆ ಹೇಳಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಇಲ್ಲಿ, 1913ರಲ್ಲಿ. ಬೆಳೆದದ್ದು ಶುಕ್ರವಾರ ಪೇಟೆಯಲ್ಲಿ. ಹುಡುಗಿಯಾಗಿದ್ದಾಗ ಬೀದಿಯಲ್ಲಿ ನಡೆದರೆ 'ಗಾನೇವಾಲಿ ಬಂದಳು' ಎಂದು ಜನ ಆಡಿಕೊಳ್ಳುತ್ತಿದ್ದುದನ್ನು ಅವರೇ ನೆನಪಿಸಿಕೊಂಡಿದ್ದಾರೆ. ಮೊದಮೊದಲ ಗ್ರಾಮೊಫೋನ್ ತಟ್ಟೆಗಳ ಮೇಲೆ ಅವರ ಹೆಸರು ಗಂಗೂಬಾಯಿ ಅಂತಲೂ ಇರಲಿಲ್ಲ, ಗಾಂಧಾರಿ ಎಂದಿತ್ತು. ಮುಂದೆ ಪದ್ಮವಿಭೂಷಣ ಬಂತು, ಅದೇ ಊರು ಕಾಲಿಗೆರಗಿತು. ಶಾಸ್ತ್ರೀಯ ಸಂಗೀತ ಅವರನ್ನು ದಡ ಹಾಯಿಸಿತು. ಸಿನೇಮಾದ ಹಾಡಿಗೆ ಆ ಭಾಗ್ಯವಿರಲಿಲ್ಲ. ಸಿನೇಮಾದಲ್ಲೂ ಎಲ್ಲರಿಗೂ ಒಂದೇ ತಕ್ಕಡಿಯೇ? ದೇವಿಕಾರಾಣಿ ಠಾಗೋರ್ ಮನೆತನದ ಸಂಬಂಧಿ, ವಿಲಾಯತಿಯಲ್ಲಿ ಓದಿದವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊಟ್ಟಮೊದಲು ಬಂದದ್ದು ಅವರಿಗೆ. 1994ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನವರು ಅವರನ್ನು ನಮ್ಮವರೆಂದು ಹೆಮ್ಮೆಪಟ್ಟರು. ಅದು ಸರಿಯೇ. ಆದರೆ ಆ ಕಂಪನಿಯ ಎಲ್ಲಕ್ಕಿಂತ ದೊಡ್ಡ ಯಶಸ್ಸಿಗೆ ಕಂಠ ಕೊಟ್ಟ ಬೀಳಗಿಯಾಕಿ 'ಬಾಯಿ' ಆಗಿಯೇ ಉಳಿದರು.

ಈಗ ನನ್ನ ವಿಷಯ. ಇದನ್ನು ಹೇಳದಿದ್ದರೆ ಅಜ್ಜನ ಮೇಲೆ, ಊರಿನ ಮೇಲೆ ತಪ್ಪು ಹೊರಿಸಿ ನಾನು ಪಾರಾದಂತಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತು, ತೊಂಬತ್ತರ ದಶಕದ ನಡುವಿನ ಮಾತು. ಗ್ಯಾದರಿಂಗಿಗೆ ಹಾಡುವ ಹುಡುಗಿಯರನ್ನು ಆರಿಸುವ ಜವಾಬ್ದಾರಿ ನನ್ನದು. ಒಂಬತ್ತನೆಯತ್ತೆಯ ಒಬ್ಬ ಹುಡುಗಿ ಬಂದಳು. ಅವಳ ತಾಯಿ ನಾಟಕದ ಕಂಪನಿಯಲ್ಲಿದ್ದರು. ಬನಶಂಕರಿ ಜಾತ್ರೆ, ಆ ಜಾತ್ರೆ ಈ ಜಾತ್ರೆ ಎಂದು ಊರೂರು ತಿರುಗುವ ಕೆಲಸ, ಅದಕ್ಕೆ ಮಗಳನ್ನು ಧಾರವಾಡದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಹುಡುಗಿ ಹಳೆಯ ನಾಟಕದ ಪದವೊಂದನ್ನು ಎತ್ತಿಕೊಂಡಳು. ಹದಿನಾಲ್ಕು ವರ್ಷದ ಕೂಸಿನ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಪಕ್ಕದ ಕ್ಲಾಸಿನಲ್ಲಿ ಗಣಿತ ನಿಂತಿತು. ಹಾಡುತ್ತಾ ಅವಳ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನೋ ಬಿಡಿಸಿ ತೋರಿಸುವಂತೆ ಆಡುತ್ತಿತ್ತು, ತಾಯಿಯನ್ನು ನೋಡಿ ಕಲಿತದ್ದಿರಬೇಕು.

"ಛಲೋ ಹಾಡ್ತಿ. ಆದ್ರ ಇಂಥಾದ್ದು ಸಾಲ್ಯಾಗ ಬ್ಯಾಡವಾ. ಒಂದು ಭಾವಗೀತೆ ಕಲ್ತು ಬಾ. ಮತ್ತ ಕೈ ಆಡಿಸಬ್ಯಾಡ, ನೆಟ್ಟಗ ನಿಂತು ಹಾಡು" ಅಂದೆ.

"ಹೂನ್ರಿ ಟೀಚರ್" ಅಂದಳು. ಮತ್ತೆ ಬರಲಿಲ್ಲ. ಮರುವರ್ಷ ಹತ್ತನೆಯತ್ತೆಗೂ ಬರಲಿಲ್ಲ. ಕಂಪನಿಗೆ ಹೋದಳು ಅಂದರು ಒಬ್ಬರು, ಮದುವೆಯಾಯಿತು ಅಂದರು ಇನ್ನೊಬ್ಬರು. ಬರಿಯ ನನ್ನ ಮಾತಿನಿಂದ ಸಾಲೆ ಬಿಟ್ಟಳೆಂದು ಹೇಳಿದರೆ ಅದು ನನಗೆ ನಾನೇ ದೊಡ್ಡಸ್ತಿಕೆ ಕೊಟ್ಟುಕೊಂಡಂತೆ. ಬಡತನವಿತ್ತು, ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಆ ಮಾತನ್ನು ನನ್ನಿಂದ ಯಾರೂ ಆಡಿಸಲಿಲ್ಲ. ಹೆಡ್‌ಮಿಸ್ ಅಲ್ಲಿರಲಿಲ್ಲ, ಪಾಲಕರು ತಕರಾರು ಮಾಡಿರಲಿಲ್ಲ. ಬಿ.ಎ., ಬಿ.ಎಡ್. ಮಾಡಿದ ನನ್ನ ಬಾಯಿಂದ ಮಾತಾಡಿದವನು ಪಡಸಾಲೆಯ ಆರಾಮಕುರ್ಚಿಯ ಅಜ್ಜ. ಅಮೀರಬಾಯಿಯವರ ದನಿಗೆ ಮೈ ಝುಂ ಅಂದ ಅಜ್ಜಿಯ ಮೊಮ್ಮಗಳು ನಾನು, ಕಣ್ಣ ಮುಂದೆ ಅಂಥದೇ ದನಿ ಬಂದು ನಿಂತಾಗ ಗುರುತು ಹಿಡಿಯಲಿಲ್ಲ. ಗುರುತು ಹಿಡಿದೇ ಬೇಡವೆಂದೆನೋ ಏನೋ.

ಇದೆಲ್ಲ ಮತ್ತೆ ಕೆದಕಿದ್ದು ರಹಮತ್ ತರೀಕೆರೆಯವರು ಅಮೀರಬಾಯಿಯವರ ಬಗ್ಗೆ ಬರೆದ ಪುಸ್ತಕ. ಇಂಥದೊಂದು ಪುಸ್ತಕ ಕನ್ನಡದಲ್ಲಿ ಬರಲು ಅವರು ತೀರಿಕೊಂಡು ನಾಲ್ಕು ದಶಕಕ್ಕೂ ಹೆಚ್ಚು ಬೇಕಾಯಿತು. ಆ ಮೇಲೊಮ್ಮೆ ಸಹೋದ್ಯೋಗಿಯೊಬ್ಬರ ಮನೆಯ ಮದುವೆಗೆ ಬಾಗಲಕೋಟೆಯಿಂದ ವಿಜಯಪುರದ ಕಡೆ ಬಸ್ಸಿನಲ್ಲಿ ಹೊರಟಿದ್ದೆ. ಕೊರ್ತಿ-ಕೊಲ್ಹಾರದ ಸೇತುವೆಯ ಮೇಲೆ ಬಸ್ಸು ಬಂತು. ಕೆಳಗೆ ಆಲಮಟ್ಟಿಯ ಹಿನ್ನೀರು ಸಮುದ್ರದ ಹಾಗೆ. ಪಕ್ಕದಲ್ಲಿ ಕೂತ ಹೆಂಗಸು ಬೀಳಗಿ ತಾಲೂಕಿನವರು. ನೀರಿನಡಿ ಹೋದ ತಮ್ಮ ಹೊಲ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಮೀರಬಾಯಿ ಅಂತ ನಿಮ್ಮ ಬೀಳಗಿಯವರು, ಗೊತ್ತೇನ್ರಿ?"

ಅವರು ಬಹಳ ಹೊತ್ತು ವಿಚಾರ ಮಾಡಿದರು. "ಅಮೀರ ಟಾಕೀಜ ಗೊತ್ರೀ, ವಿಜಾಪುರದಾಗಿಂದು. ಲಗ್ನ ಆದ ಹೊಸದಾಗಿ ನಮ್ಮ ಮನೆಯವರು ಕರಕೊಂಡು ಹೋಗಿದ್ರು" ಅಂದರು. ಆ ಟಾಕೀಜನ್ನು ತಮ್ಮ ಗಳಿಕೆಯಲ್ಲಿ ಕಟ್ಟಿಸಿದವರು ಅಮೀರಬಾಯಿ ಎಂದೆ. "ಹೆಂಗಸು ಕಟ್ಟಿಸಿದ್ದೇನ್ರಿ ಅದು!" ಎಂದು ನನ್ನ ಕಡೆ ಪೂರ್ತಿ ತಿರುಗಿ ಕೂತರು. ವಿಜಯಪುರ ಬರುವವರೆಗೆ ನನಗೆ ಗೊತ್ತಿದ್ದಷ್ಟನ್ನೂ ಹೇಳಿಸಿಕೊಂಡರು. ಗಂಡನ ಹೊಡೆತದ ಭಾಗ ಬಂದಾಗ ಮಾತ್ರ ಏನೂ ಅನ್ನದೆ ಕಿಟಕಿಯ ಹೊರಗೆ ನೋಡಿದರು.

ಈಚೆಗೆ ನನ್ನ ಮಗ ಮೊಬೈಲಿನಲ್ಲಿ 'ಕಿಸ್ಮತ್'ನ ಹಾಡುಗಳನ್ನು ಹುಡುಕಿಕೊಟ್ಟ. ಅಜ್ಜಿ ಹೋಗಿ ಮೂವತ್ತು ವರ್ಷದ ಮೇಲಾಯಿತು. ಅವ್ವನಿಗೆ ಈಗ ಎಂಬತ್ತು, ಹೊರಗೆ ಹೋಗುವುದು ಕಡಿಮೆ. ಅತ್ತೆಯ ಆ ಅರ್ಧ ತಾಸಿನಲ್ಲಿ ಸೊಸೆಗೂ ಪಾಲಿತ್ತೆಂದು ನನಗೆ ಗೊತ್ತು. ಒಂದು ಮುಂಜಾನೆ ಪಡಸಾಲೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಾಗ ಮೋಡದ ಆ ಹಾಡನ್ನು ಹಚ್ಚಿದೆ. 'ಕರ್ರ್' ಅನ್ನುವ ಹಳೆಯ ತಟ್ಟೆಯ ಸಪ್ಪಳದೊಳಗಿಂದ ದನಿ ಎದ್ದು ಬಂತು. ಅವ್ವ ಸೊಪ್ಪು ಬಿಟ್ಟು ಕಣ್ಣು ಮುಚ್ಚಿದಳು. ತುಟಿ ಆಡಿದವು, ಒಂದಕ್ಷರವೂ ತಪ್ಪದೆ.

ಹೊರಗೆ ಯಾವುದೋ ಮನೆಯಲ್ಲಿ ಪೂಜೆಯ ಗಂಟೆ ಬಾರಿಸಿತು. ಅವ್ವ ಥಟ್ಟನೆ ಕಣ್ಣು ತೆರೆದು, ಮೊಬೈಲಿನ ಮೇಲೆ ಕೈ ಮುಚ್ಚಿದಳು.